ಶುಗರ್, ಬಿಪಿ ಇದ್ದವರಿಗೆ ಅಂಗವೈಕಲ್ಯದ ವಿಮೆ ಸಿಗುತ್ತಾ?

ಆಸ್ಪತ್ರೆ ಖರ್ಚಿಗೆ ವಿಮೆ ಮಾಡಿಸಿದವರು ನಮ್ಮಲ್ಲಿ ಈಗ ಸಾಕಷ್ಟು ಜನ ಇದ್ದಾರೆ. ತಾವು ಹೋದಮೇಲೆ ಮನೆಯವರು ಕಷ್ಟಪಡಬಾರದು ಅಂತ ಜೀವ ವಿಮೆ ಮಾಡಿಸಿದವರೂ ಇದ್ದಾರೆ. ಆದರೆ ಜೀವ ಉಳಿದು, ದುಡಿಯುವ ಶಕ್ತಿ ಮಾತ್ರ ಹೋದರೆ? ಸಂಬಳ ನಿಲ್ಲುತ್ತದೆ, ಮನೆ ಖರ್ಚು ನಿಲ್ಲುವುದಿಲ್ಲ. ಮೇಲಿಂದ ಔಷಧಿ, ಫಿಸಿಯೋಥೆರಪಿ, ನೋಡಿಕೊಳ್ಳುವವರ ಖರ್ಚು. ಈ ಪರಿಸ್ಥಿತಿಗೆ ಅಂತ ಇರುವ ವಿಮೆಯ ಬಗ್ಗೆ ಮಾತಾಡುವವರು ಕಡಿಮೆ. ಅದರಲ್ಲೂ ಶುಗರ್, ಬಿಪಿ, ಥೈರಾಯ್ಡ್, ಹಳೇ ಹೃದಯದ ತೊಂದರೆ ಇರುವವರು "ನಮಗ್ಯಾರು ಕೊಡ್ತಾರೆ ಬಿಡಿ" ಅಂತ ವಿಚಾರಿಸುವುದನ್ನೇ ಬಿಟ್ಟಿರುತ್ತಾರೆ.

ಹಾಗೆ ಬಿಡಬೇಡಿ. ಕಾಯಿಲೆ ಇದ್ದರೂ ಸಿಗುವ ರಕ್ಷಣೆ ನೀವಂದುಕೊಂಡಿದ್ದಕ್ಕಿಂತ ಜಾಸ್ತಿ ಇದೆ. ಯಾವುದು ಸಿಗುತ್ತದೆ, ಯಾವುದು ಕಷ್ಟ ಅನ್ನೋದು ಅರ್ಥವಾಗಬೇಕಾದರೆ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಈ ಪಾಲಿಸಿ ದುಡ್ಡು ಕೊಡುವುದು ಅಪಘಾತದಿಂದ ಬಂದ ಅಂಗವೈಕಲ್ಯಕ್ಕೋ, ಕಾಯಿಲೆಯಿಂದ ಬಂದ ಅಂಗವೈಕಲ್ಯಕ್ಕೋ?

ಅಮೆರಿಕದಂಥ ದೇಶಗಳಲ್ಲಿ ಕಾರಣ ಎರಡರಲ್ಲಿ ಯಾವುದೇ ಆಗಲಿ, ಕೆಲಸ ಮಾಡಲಾಗದಿದ್ದರೆ ಸಂಬಳದ ಒಂದು ಪಾಲನ್ನು ತಿಂಗಳು ತಿಂಗಳು ಕೊಡುವ ಪಾಲಿಸಿಗಳಿವೆ. ನಮ್ಮ ದೇಶದಲ್ಲಿ ಅಂಥದ್ದು ಒಂದೇ ಪಾಲಿಸಿಯಾಗಿ ಸಿಗುವುದು ಅಪರೂಪ. ಇಲ್ಲಿ ಅದು ಬೇರೆ ಬೇರೆ ಕಡೆ ಹಂಚಿಹೋಗಿದೆ. ಸ್ವಲ್ಪ ಅಪಘಾತ ವಿಮೆಯಲ್ಲಿ, ಸ್ವಲ್ಪ ಜೀವ ವಿಮೆಯ ರೈಡರಿನಲ್ಲಿ (ಮೂಲ ಪಾಲಿಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ರಕ್ಷಣೆ), ಸ್ವಲ್ಪ ಗಂಭೀರ ಕಾಯಿಲೆಗಳ ಪಾಲಿಸಿಯಲ್ಲಿ, ಇನ್ನಷ್ಟು ಇಎಸ್‌ಐ (ನೌಕರರ ರಾಜ್ಯ ವಿಮೆ), ಪಿಎಫ್‌ಗಳಲ್ಲಿ. ಹುಡುಕಿ ಜೋಡಿಸಿಕೊಳ್ಳುವ ಕೆಲಸ ನಮ್ಮದೇ.

ಅಪಘಾತದ ಕಡೆ ಬಾಗಿಲು ತೆರೆದಿದೆ

ಅಪಘಾತ ವಿಮೆಯಲ್ಲಿ ಕಂಪನಿ ಮುಖ್ಯವಾಗಿ ನೋಡುವುದು ನಿಮ್ಮ ಕೆಲಸವನ್ನು. ಮೇಜಿನ ಮುಂದೆ ಕೂತು ಮಾಡುವ ಕೆಲಸಕ್ಕೆ ಒಂದು ದರ, ಮೈಮುರಿದು ದುಡಿಯುವವರಿಗೆ ಇನ್ನೊಂದು, ಗಣಿ, ಹೈಟೆನ್ಷನ್ ತಂತಿಯಂಥ ಅಪಾಯದ ಕೆಲಸಕ್ಕೆ ಮತ್ತೊಂದು. ನಿಮ್ಮ ಶುಗರ್ ಎಷ್ಟಿದೆ ಅನ್ನೋದು ಇಲ್ಲಿ ದೊಡ್ಡ ವಿಷಯವಲ್ಲ. ರಕ್ತ ಪರೀಕ್ಷೆ ಸಾಮಾನ್ಯವಾಗಿ ಕೇಳುವುದೂ ಇಲ್ಲ.

ಎಲ್ಲಕ್ಕಿಂತ ಸುಲಭದ್ದು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ. 2015ರಲ್ಲಿ ವರ್ಷಕ್ಕೆ 12 ರೂಪಾಯಿಗೆ ಶುರುವಾಯಿತು, 2022ರ ಜೂನ್‌ನಿಂದ 20 ರೂಪಾಯಿ ಆಗಿದೆ. 18ರಿಂದ 70 ವರ್ಷದೊಳಗಿನ, ಬ್ಯಾಂಕ್ ಅಥವಾ ಅಂಚೆ ಕಚೇರಿಯಲ್ಲಿ ಖಾತೆ ಇರುವ ಯಾರು ಬೇಕಾದರೂ ಸೇರಬಹುದು. ಆರೋಗ್ಯದ ಪ್ರಶ್ನೆಯೇ ಇಲ್ಲ. ಅಪಘಾತದಲ್ಲಿ ಎರಡೂ ಕಣ್ಣು, ಅಥವಾ ಎರಡೂ ಕೈ, ಅಥವಾ ಎರಡೂ ಕಾಲು, ಅಥವಾ ಒಂದು ಕಣ್ಣಿನ ಜೊತೆ ಒಂದು ಕೈಯೋ ಕಾಲೋ ಶಾಶ್ವತವಾಗಿ ಹೋದರೆ 2 ಲಕ್ಷ. ಒಂದು ಕಣ್ಣು, ಅಥವಾ ಒಂದು ಕೈ, ಅಥವಾ ಒಂದು ಕಾಲು ಹೋದರೆ 1 ಲಕ್ಷ. ವಿಮೆಯ ವರ್ಷ ಜೂನ್ 1ರಿಂದ ಮೇ 31. ಮೇ ಕೊನೆಯಲ್ಲಿ ಖಾತೆಯಲ್ಲಿ 20 ರೂಪಾಯಿ ಇಲ್ಲದೆ ಎಷ್ಟೋ ಜನರ ರಕ್ಷಣೆ ತಪ್ಪಿಹೋಗುತ್ತದೆ. ಊರಲ್ಲಿರುವ ಅಪ್ಪ ಅಮ್ಮನ ಪಾಸ್‌ಬುಕ್ ಒಮ್ಮೆ ತೆಗೆದು ನೋಡಿ.

ನೀವು ಆಗಲೇ ದುಡ್ಡು ಕಟ್ಟಿರುವ ಇನ್ನೊಂದು ವಿಮೆಯಿದೆ. ಬೈಕ್ ಅಥವಾ ಕಾರಿನ ಇನ್ಶೂರೆನ್ಸ್ ಕಾಗದದಲ್ಲಿ ಮಾಲೀಕ ಚಾಲಕರ ಕಡ್ಡಾಯ ಅಪಘಾತ ವಿಮೆ ಅಂತ ಒಂದು ಸಾಲು ಇರುತ್ತದೆ, ನೋಡಿ. 2018ರಿಂದ ಅದರ ಮೊತ್ತ 15 ಲಕ್ಷ. ನಿಮ್ಮ ಹೆಸರಿನ ಗಾಡಿಯನ್ನು ಚಾಲ್ತಿಯಲ್ಲಿರುವ ಲೈಸೆನ್ಸ್ ಇಟ್ಟುಕೊಂಡು ನೀವೇ ಓಡಿಸುವಾಗ ಅಪಘಾತವಾಗಿ ಶಾಶ್ವತ ಪೂರ್ಣ ಅಂಗವೈಕಲ್ಯ ಬಂದರೆ ಪೂರ್ತಿ ಮೊತ್ತ, ಒಂದು ಕೈ, ಕಾಲು ಅಥವಾ ಕಣ್ಣು ಹೋದರೆ ಅರ್ಧ. ಇದು ಸತ್ತರೆ ಮಾತ್ರ ಬರುವ ದುಡ್ಡು ಅಂತ ತಿಳಿದು ಕ್ಲೈಮ್ ಹಾಕದೇ ಬಿಟ್ಟ ಕುಟುಂಬಗಳ ಬಗ್ಗೆ ಯೋಚಿಸಿದರೆ ನಿಜಕ್ಕೂ ಬೇಜಾರಾಗುತ್ತದೆ.

ಇವೆರಡರ ಮೇಲೆ ಸ್ವಂತಕ್ಕೊಂದು ಅಪಘಾತ ಪಾಲಿಸಿ ಬೇಕು. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2021ರಲ್ಲಿ 'ಸರಳ್ ಸುರಕ್ಷಾ ಬಿಮಾ' ಅನ್ನುವ ಮಾದರಿ ಪಾಲಿಸಿ ತಂದಿತು. ಯಾವ ಕಂಪನಿಯದ್ದೇ ಆದರೂ ಷರತ್ತುಗಳು ಒಂದೇ. ಎರಡೂವರೆ ಲಕ್ಷದಿಂದ 1 ಕೋಟಿಯವರೆಗೆ ಮೊತ್ತ ಆರಿಸಿಕೊಳ್ಳಬಹುದು. ಕೆಲವು ತಿಂಗಳು ಮಾತ್ರ ಕೆಲಸಕ್ಕೆ ಹೋಗಲಾಗದಿದ್ದರೆ ವಾರಕ್ಕೆ ಇಷ್ಟು ಅಂತ ಕೊಡುವ ತಾತ್ಕಾಲಿಕ ಅಂಗವೈಕಲ್ಯದ ಭಾಗ ಅದರಲ್ಲಿ ಐಚ್ಛಿಕ. ದಿನಗೂಲಿಯವರು, ಅಂಗಡಿ ಇಟ್ಟವರು, ಆಟೋ ಓಡಿಸುವವರು ಇದನ್ನು ಬಿಡಬಾರದು. ಕಾಲು ಮುರಿದು ಮೂರು ತಿಂಗಳು ಮನೆಯಲ್ಲಿ ಕೂರುವುದು ಕೈಕಾಲು ಕಳೆದುಕೊಳ್ಳುವುದಕ್ಕಿಂತ ಎಷ್ಟೋ ಸಾಮಾನ್ಯ.

ಜೀವ ವಿಮೆ ಮಾಡಿಸುವಾಗ ಸಿಗುವ ಅಪಘಾತ ರೈಡರನ್ನೂ ಕೇಳಿ. ಎಲ್‌ಐಸಿಯ ಅಪಘಾತ ಮರಣ ಮತ್ತು ಅಂಗವೈಕಲ್ಯ ರೈಡರಿನಲ್ಲಿ, ಅಪಘಾತವಾದ 180 ದಿನದೊಳಗೆ ಶಾಶ್ವತ ಪೂರ್ಣ ಅಂಗವೈಕಲ್ಯ ಬಂದರೆ ಮೊತ್ತವನ್ನು 10 ವರ್ಷಗಳ ಕಾಲ ತಿಂಗಳ ಕಂತಿನಲ್ಲಿ ಕೊಡುತ್ತಾರೆ. ಸಂಬಳದ ಜಾಗದಲ್ಲಿ ತಿಂಗಳು ತಿಂಗಳು ಬರುವ ದುಡ್ಡು ಅನ್ನೋ ಕಾರಣಕ್ಕೆ ನನಗೆ ಇದು ಇಷ್ಟ.

ಮೊಳೆ ಚುಚ್ಚಿದ್ದಾ, ಶುಗರ್ ತಿಂದಿದ್ದಾ?

ಅಪಘಾತ ಪಾಲಿಸಿ ಸುಲಭವಾಗಿ ಸಿಗುತ್ತದೆ ಅಂದೆ. ಆದರೆ ಕ್ಲೈಮ್ ಹೊತ್ತಿಗೆ ನಿಮ್ಮ ಕಾಯಿಲೆ ಮತ್ತೆ ಎದುರಿಗೆ ಬಂದು ನಿಲ್ಲಬಹುದು. ಹೇಗೆ ಅಂತ ಒಂದು ಉದಾಹರಣೆಯಲ್ಲಿ ನೋಡೋಣ.

ಶಿರಸಿ ಕಡೆಯ ಐವತ್ತರ ಆಸುಪಾಸಿನ ಅಡಿಕೆ ಬೆಳೆಗಾರರೊಬ್ಬರು ಅಂತ ಇಟ್ಟುಕೊಳ್ಳಿ. ಹತ್ತು ವರ್ಷದಿಂದ ಶುಗರ್ ಇದೆ. ತೋಟದಲ್ಲಿ ತುಕ್ಕು ಹಿಡಿದ ಮೊಳೆ ತುಳಿಯುತ್ತಾರೆ. ಶುಗರಿನಿಂದ ಪಾದದ ಸ್ಪರ್ಶ ಕಡಿಮೆಯಾಗಿರುವುದರಿಂದ ಅಷ್ಟೇನೂ ನೋವಾಗುವುದಿಲ್ಲ. ಅರಿಶಿನ ಹಚ್ಚಿ ಬಟ್ಟೆ ಕಟ್ಟಿಕೊಂಡು ಕೆಲಸ ಮುಂದುವರಿಸುತ್ತಾರೆ. ವಾರ ಕಳೆದಮೇಲೆ ಕಾಲು ಊದಿಕೊಳ್ಳುತ್ತದೆ, ಕೀವಾಗುತ್ತದೆ. ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಗ್ಯಾಂಗ್ರೀನ್. ಮೊದಲು ಹೆಬ್ಬೆರಳು, ಆಮೇಲೆ ಮೊಣಕಾಲಿನ ಕೆಳಗೆ ಪೂರ್ತಿ ತೆಗೆಯಬೇಕಾಗುತ್ತದೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ವೈದ್ಯರು 'ಡಯಾಬಿಟಿಕ್ ಫುಟ್' ಅಂತ ಬರೆಯುತ್ತಾರೆ.

ಈಗ ಕಂಪನಿ ಏನು ಹೇಳುತ್ತದೆ? ಅಪಘಾತ ಪಾಲಿಸಿಯಲ್ಲಿ ಸಾಮಾನ್ಯವಾಗಿ ಇರುವ ಮಾತು ಇಷ್ಟು: ಹೊರಗಿನಿಂದ ಆದ, ಕಣ್ಣಿಗೆ ಕಾಣುವ, ಹಠಾತ್ತಾದ ಪೆಟ್ಟಿನಿಂದಲೇ ನೇರವಾಗಿ ಅಂಗವೈಕಲ್ಯ ಬಂದಿರಬೇಕು. ಕಾಲು ಹೋಗಿದ್ದು ಮೊಳೆಯಿಂದಲ್ಲ, ಶುಗರಿನಿಂದ ಅಂತ ಕಂಪನಿ ವಾದಿಸುತ್ತದೆ. ಮೊಳೆ ಚುಚ್ಚದೇ ಇದ್ದರೆ ಕಾಲು ಇರುತ್ತಿತ್ತಲ್ಲ ಅಂತ ಮನೆಯವರು ವಾದಿಸುತ್ತಾರೆ. ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯ ಇದೆ. ಆಗ ಫಲಿತಾಂಶ ನಿಲ್ಲುವುದು ಕಾಗದದ ಮೇಲೆ. ಮೊಳೆ ಚುಚ್ಚಿದ ದಿನವೇ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಟಿಟಿ ಚುಚ್ಚಿಸಿಕೊಂಡು, ಚೀಟಿಯಲ್ಲಿ 'ತೋಟದಲ್ಲಿ ಮೊಳೆ ಚುಚ್ಚಿ ಗಾಯ' ಅಂತ ತಾರೀಖು ಸಮೇತ ಬರೆಸಿಕೊಂಡಿದ್ದರೆ ಅವರ ವಾದಕ್ಕೆ ಬಲ ಬರುತ್ತದೆ. ಅಂಥ ಚೀಟಿ ಇಲ್ಲದಿದ್ದರೆ ಉಳಿಯುವುದು ಡಿಸ್ಚಾರ್ಜ್ ಕಾರ್ಡಿನ ಆ ಎರಡು ಪದ ಮಾತ್ರ.

ಹಾಗಾಗಿ ಶುಗರ್ ಇರುವವರು ಸಣ್ಣ ಪೆಟ್ಟಿಗೂ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಕಾಲು ಉಳಿಯುವುದಕ್ಕೂ ಅದೇ ದಾರಿ. ಗಾಯದ ಫೋಟೋ ತೆಗೆದಿಟ್ಟುಕೊಳ್ಳಿ. ದಾಖಲಾಗುವಾಗ ಪೆಟ್ಟು ಹೇಗಾಯಿತು ಅನ್ನೋದನ್ನು ಕೇಸ್ ಶೀಟಿನಲ್ಲಿ ಬರೆಸಿ. ಅವಧಿಯ ಕಡೆಗೂ ಗಮನ ಇರಲಿ. ಬಹುತೇಕ ಅಪಘಾತ ಪಾಲಿಸಿಗಳಲ್ಲಿ ಪೆಟ್ಟಾದ ದಿನದಿಂದ 12 ತಿಂಗಳೊಳಗೆ ಅಂಗವೈಕಲ್ಯ ಬಂದಿರಬೇಕು.

ಫಿಟ್ಸ್ ಇರುವವರಿಗೂ ಇದೇ ತಕರಾರು ಬರುತ್ತದೆ. ಜಾರಿ ಬಿದ್ದದ್ದಾ, ಫಿಟ್ಸ್ ಬಂದು ಬಿದ್ದದ್ದಾ ಅಂತ ಕೇಳುತ್ತಾರೆ. ಪಾಲಿಸಿ ತೆಗೆದುಕೊಳ್ಳುವ ಮುಂಚೆಯೇ "ನನಗೆ ಈ ಕಾಯಿಲೆ ಇದೆ, ಅದರ ಪರಿಣಾಮವಾಗಿ ಬಿದ್ದು ಪೆಟ್ಟಾದರೆ ಕೊಡುತ್ತೀರಾ?" ಅಂತ ಇಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ.

ಕಾಯಿಲೆಯಿಂದ ಬರುವ ಅಂಗವೈಕಲ್ಯ

ಬಿಪಿ ಇರುವವರಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದರೆ ಮೇಲೆ ಹೇಳಿದ ಯಾವ ಅಪಘಾತ ಪಾಲಿಸಿಯೂ ಒಂದು ರೂಪಾಯಿ ಕೊಡುವುದಿಲ್ಲ. ಇದು ತುಂಬಾ ಜನರಿಗೆ ಗೊತ್ತಿಲ್ಲ. ಈಗಾಗಲೇ ಕಾಯಿಲೆ ಇರುವವರಿಗೆ ನಿಜವಾದ ಭಯ ಇರುವುದು ಇಲ್ಲೇ ಅಲ್ವಾ? ಕಷ್ಟವೂ ಇಲ್ಲೇ.

ಖಾಸಗಿ ಮಾರುಕಟ್ಟೆಯಲ್ಲಿ ಇದಕ್ಕೆ ಹತ್ತಿರದ್ದು ಗಂಭೀರ ಕಾಯಿಲೆಗಳ ಪಾಲಿಸಿ ಅಥವಾ ರೈಡರ್. ಪಟ್ಟಿಯಲ್ಲಿರುವ ಕಾಯಿಲೆ ಬಂದರೆ ಒಂದೇ ಸಲಕ್ಕೆ ಇಡೀ ಮೊತ್ತ ಕೊಡುತ್ತಾರೆ. ಲಕ್ವ ಹೊಡೆದರೆ ಸಾಕಾಗುವುದಿಲ್ಲ, ನರಗಳ ದೌರ್ಬಲ್ಯ ಕನಿಷ್ಠ 3 ತಿಂಗಳಾದರೂ ಉಳಿದು, ಅದು ಶಾಶ್ವತ ಅಂತ ದಾಖಲೆ ಇರಬೇಕು. ಒಂದೆರಡು ದಿನದಲ್ಲಿ ಸರಿಹೋಗುವ ಸಣ್ಣ ಲಕ್ವಕ್ಕೆ ಸಿಗುವುದಿಲ್ಲ. ಇಲ್ಲಿ ನಿಮ್ಮ ಆರೋಗ್ಯವನ್ನು ಕೂಲಂಕಷವಾಗಿ ನೋಡುತ್ತಾರೆ. ಮೂರು ತಿಂಗಳ ಸರಾಸರಿ ಶುಗರ್, ಇಸಿಜಿ, ಕಿಡ್ನಿ ಪರೀಕ್ಷೆ, ಕೆಲವೊಮ್ಮೆ ಟ್ರೆಡ್‌ಮಿಲ್ ಪರೀಕ್ಷೆ.

ಪರೀಕ್ಷೆ ಮುಗಿದಮೇಲೆ ಒಪ್ಪಿದರು ಅಥವಾ ಬೇಡ ಅಂದರು ಅಂತ ಎರಡೇ ಉತ್ತರ ಇರುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಪ್ರೀಮಿಯಂ ಮೇಲೆ ಇಷ್ಟು ಹೆಚ್ಚುವರಿ ಕಟ್ಟಿ ಅನ್ನಬಹುದು, ಅದನ್ನು ಲೋಡಿಂಗ್ ಅನ್ನುತ್ತಾರೆ. ಮೂಲ ಪಾಲಿಸಿ ಕೊಡುತ್ತೇವೆ, ರೈಡರ್ ಕೊಡುವುದಿಲ್ಲ ಅನ್ನಬಹುದು. ನಿರ್ದಿಷ್ಟ ಕಾಯಿಲೆಯೊಂದನ್ನು ಹೊರಗಿಡಬಹುದು. ಆರು ತಿಂಗಳು ಬಿಟ್ಟು ಬನ್ನಿ ಅನ್ನಬಹುದು. ಕೊನೆಯದು ತಿರಸ್ಕಾರವಲ್ಲ. ಮಾತ್ರೆ, ಊಟ, ನಡಿಗೆ ಸರಿಮಾಡಿಕೊಂಡು ಶುಗರ್ ಹತೋಟಿಗೆ ಬಂದಮೇಲೆ ಆ ರಿಪೋರ್ಟ್‌ಗಳ ಜೊತೆ ಮತ್ತೆ ಹೋದರೆ ಉತ್ತರ ಬದಲಾಗಬಹುದು.

ಒಂದೇ ಸಲ ನಾಲ್ಕಾರು ಕಂಪನಿಗಳಿಗೆ ಅರ್ಜಿ ಹಾಕಬೇಡಿ. "ಹಿಂದೆ ನಿಮ್ಮ ಅರ್ಜಿಯನ್ನು ಯಾವುದಾದರೂ ಕಂಪನಿ ತಿರಸ್ಕರಿಸಿದೆಯೇ, ಮುಂದೂಡಿದೆಯೇ, ಹೆಚ್ಚು ಪ್ರೀಮಿಯಂಗೆ ಒಪ್ಪಿದೆಯೇ" ಅಂತ ಪ್ರಪೋಸಲ್ ಫಾರಂಗಳಲ್ಲಿ ಸಾಮಾನ್ಯವಾಗಿ ಕೇಳುತ್ತಾರೆ. ಒಂದು ಕಡೆ ಬೇಡ ಅಂದದ್ದು ಮುಂದಿನ ಕಡೆಗೂ ಹಿಂಬಾಲಿಸುತ್ತದೆ. ನಿಮ್ಮ ರಿಪೋರ್ಟ್‌ಗಳನ್ನು ತೋರಿಸಿ, ಈ ಸ್ಥಿತಿಯವರಿಗೆ ಕೊಡುತ್ತೀರಾ ಅಂತ ಮೊದಲು ಬಾಯಿಮಾತಲ್ಲೇ ವಿಚಾರಿಸಿ, ಆಮೇಲೆ ಸಹಿ ಹಾಕಿ.

ನೌಕರಿಯಲ್ಲಿ ಇರುವವರಿಗೆ ಇದಕ್ಕಿಂತ ಒಳ್ಳೆಯ ದಾರಿಗಳಿವೆ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇದ್ದು ಇಎಸ್‌ಐ ವ್ಯಾಪ್ತಿಯ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರೆ ಕಾಯಿಲೆ ಇದೆಯೋ ಇಲ್ಲವೋ ಅಂತ ಯಾರೂ ಕೇಳುವುದಿಲ್ಲ. ಅಂಗವೈಕಲ್ಯ ಇರುವ ನೌಕರರಿಗೆ ಈ ಮಿತಿ 25,000. ನಿಮ್ಮ ಸಂಬಳದಿಂದ ಹೋಗುವುದು ಶೇ 0.75 ಮಾತ್ರ. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70. ಟಿಬಿ, ಕ್ಯಾನ್ಸರ್, ಅರ್ಧಾಂಗವಾಯು, ತೀವ್ರ ಮಾನಸಿಕ ಕಾಯಿಲೆಯಂಥ 34 ದೀರ್ಘ ಕಾಯಿಲೆಗಳಿಗೆ, ಎರಡು ವರ್ಷ ಕೆಲಸದಲ್ಲಿದ್ದವರಿಗೆ ಎರಡು ವರ್ಷದವರೆಗೂ ಶೇ 80. ಕೆಲಸದಲ್ಲಿ ಪೆಟ್ಟಾಗಿ ತಾತ್ಕಾಲಿಕವಾಗಿ ದುಡಿಯಲಾಗದಿದ್ದರೆ ವಾಸಿಯಾಗುವವರೆಗೆ ಶೇ 90. ಪೀಣ್ಯದ ಕಾರ್ಖಾನೆಗಳಲ್ಲಿ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಎಷ್ಟೋ ಜನ ಇಎಸ್‌ಐ ಅಂದರೆ ಆಸ್ಪತ್ರೆ ಮಾತ್ರ ಅಂದುಕೊಂಡಿದ್ದಾರೆ. ಸಂಬಳದ ಬದಲಿಗೆ ಹಣ ಕೊಡುವ ಈ ಭಾಗವೇ ನಮ್ಮ ದೇಶದಲ್ಲಿ ಅಂಗವೈಕಲ್ಯ ವಿಮೆಗೆ ಅತಿ ಹತ್ತಿರದ್ದು.

ಪಿಎಫ್ ಇದ್ದವರಿಗೆ ಇನ್ನೊಂದು ಮಾತು. ನೌಕರರ ಪಿಂಚಣಿ ಯೋಜನೆ 1995ರ ಪ್ರಕಾರ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಆದರೆ ನೌಕರಿಯಲ್ಲಿದ್ದಾಗಲೇ ಶಾಶ್ವತವಾಗಿ, ಪೂರ್ಣವಾಗಿ ಅಂಗವೈಕಲ್ಯ ಬಂದವರಿಗೆ ಆ 10 ವರ್ಷದ ಷರತ್ತು ಅನ್ವಯಿಸುವುದಿಲ್ಲ. ಒಂದು ತಿಂಗಳ ವಂತಿಗೆ ಕಟ್ಟಿದ್ದರೂ ಸಾಕು. ಮೊತ್ತ ದೊಡ್ಡದೇನಲ್ಲ, ಆದರೆ ಜೀವನಪೂರ್ತಿ ಬರುತ್ತದೆ. ಅರ್ಜಿ 10ಡಿ ನಮೂನೆಯಲ್ಲಿ, ಜೊತೆಗೆ ವೈದ್ಯಕೀಯ ಮಂಡಳಿಯ ತಪಾಸಣೆ.

ಐಟಿ ಕಂಪನಿಗಳಂಥ ಕಡೆ ಗುಂಪು ವಿಮೆ ಇರುತ್ತದೆ. ಗುಂಪಿನಲ್ಲಿ ಒಂದು ಮೊತ್ತದವರೆಗೆ ಯಾರ ಆರೋಗ್ಯವನ್ನೂ ಬಿಡಿಯಾಗಿ ಪರೀಕ್ಷಿಸುವುದಿಲ್ಲ. ಒಬ್ಬರೇ ಹೋಗಿ ಕೇಳಿದರೆ ಸಿಗದ ರಕ್ಷಣೆ ಇಲ್ಲಿ ಸುಮ್ನೆ ಸಿಗುತ್ತದೆ. ಹೆಚ್ಚುವರಿ ಮೊತ್ತಕ್ಕೆ ಕೈಯಿಂದ ದುಡ್ಡು ಕಟ್ಟಿ ಸೇರಿಕೊಳ್ಳಲು ಅವಕಾಶ ಕೊಟ್ಟಾಗ ಬಿಡಬೇಡಿ. ಆದರೆ ಕೆಲಸ ಬಿಟ್ಟ ದಿನ ಅದೂ ಹೋಗುತ್ತದೆ ಅನ್ನೋದು ನೆನಪಿರಲಿ. ಸರ್ಕಾರಿ ನೌಕರರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಬೆಂಬಲವಿದೆ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂತು ಅಂತ ಅವರನ್ನು ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ.

"ಶುಗರ್ ಬರೀಬೇಡಿ ಸರ್"

ಇದು ಏಜೆಂಟರ ಬಾಯಲ್ಲಿ ಆಗಾಗ ಕೇಳುವ ಮಾತು. "ಮಾತ್ರೆ ಒಂದೇ ತಾನೇ ತಗೊಳ್ಳೋದು? ಬರೆದರೆ ಪ್ರೀಮಿಯಂ ಜಾಸ್ತಿ ಆಗುತ್ತೆ. ಮೂರು ವರ್ಷ ಆದಮೇಲೆ ಯಾರೂ ಏನೂ ಕೇಳೋ ಹಾಗಿಲ್ಲ."

ಈ ಕೊನೇ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಅಪಾಯ. ವಿಮಾ ಕಾಯ್ದೆಯ 45ನೇ ಕಲಂ ಪ್ರಕಾರ ಜೀವ ವಿಮೆ ಪಾಲಿಸಿಯನ್ನು 3 ವರ್ಷದ ನಂತರ ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ, ನಿಜ. ಆದರೆ ಆ 3 ವರ್ಷದ ಲೆಕ್ಕ ಪಾಲಿಸಿ ಕೊಟ್ಟ ದಿನದಿಂದಷ್ಟೇ ಅಲ್ಲ. ಆಮೇಲೆ ರೈಡರ್ ಸೇರಿಸಿದ್ದರೆ ಆ ದಿನದಿಂದ. ಕಂತು ತಪ್ಪಿ, ನಿಂತುಹೋದ ಪಾಲಿಸಿಯನ್ನು ಮತ್ತೆ ಚಾಲ್ತಿಗೆ ತಂದಿದ್ದರೆ ಆ ದಿನದಿಂದ. ಯಾವುದು ಕೊನೆಯದೋ ಅದು. ಆರೋಗ್ಯ ವಿಮೆಗೆ ಇರುವುದೇ ಬೇರೆ ನಿಯಮ. ಅಲ್ಲಿ 5 ವರ್ಷ ಬಿಡದೆ ಕಟ್ಟಿದ ಮೇಲೆ ವಿಷಯ ಹೇಳಿರಲಿಲ್ಲ ಅಂತ ಕ್ಲೈಮ್ ನಿರಾಕರಿಸುವಂತಿಲ್ಲ, ಆದರೆ ವಂಚನೆ ಸಾಬೀತಾದರೆ ಈ ರಕ್ಷಣೆ ಇಲ್ಲ. 2024ರವರೆಗೆ ಇದು 8 ವರ್ಷ ಇತ್ತು. ಇನ್ನು ಪೆಟ್ಟು ಅಪಘಾತದ್ದೇ ಹೌದಾ ಅನ್ನುವ ಪ್ರಶ್ನೆಯನ್ನಂತೂ ಎಷ್ಟು ವರ್ಷ ಕಳೆದಮೇಲೂ ಕೇಳಬಹುದು.

ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಜೊತೆಗಿಟ್ಟು ನೋಡಬೇಕು. ಎರಡೂ ವೈದ್ಯಕೀಯ ವಿಮೆಯ ಪ್ರಕರಣಗಳು, ಆದರೆ ವಿಷಯ ತಿಳಿಸುವ ಹೊಣೆ ಎಲ್ಲ ವಿಮೆಗೂ ಒಂದೇ. 2009ರ ಪ್ರಕರಣದಲ್ಲಿ ಪಾಲಿಸಿದಾರರು ಹಳೆಯ ಶುಗರ್ ಮತ್ತು ಕಿಡ್ನಿ ತೊಂದರೆಯನ್ನು ಫಾರಂನಲ್ಲಿ ತಿಳಿಸಿರಲಿಲ್ಲ. ಕಂಪನಿ ಕ್ಲೈಮ್ ನಿರಾಕರಿಸಿದ್ದು ಸರಿ ಅಂತ ಕೋರ್ಟ್ ಹೇಳಿತು. 2021ರ ಡಿಸೆಂಬರ್‌ನ ಪ್ರಕರಣದಲ್ಲಿ ಅಮೆರಿಕಕ್ಕೆ ಹೊರಟವರೊಬ್ಬರು ಶುಗರ್ ಇದೆ ಅಂತ ಬರೆದು ಪ್ರಯಾಣದ ವಿಮೆ ಪಡೆದಿದ್ದರು. ಅಲ್ಲಿ ಇಳಿಯುತ್ತಿದ್ದಂತೆ ಹೃದಯಾಘಾತವಾಯಿತು. ಮೊದಲೇ ಇದ್ದ ಕಾಯಿಲೆಯಿಂದ ಬಂದದ್ದು, ಕೊಲೆಸ್ಟರಾಲ್ ಮಾತ್ರೆಯ ವಿಷಯ ಹೇಳಿರಲಿಲ್ಲ ಅಂತ ಕಂಪನಿ ಕೈಯೆತ್ತಿತು. ಕೋರ್ಟ್ ಒಪ್ಪಲಿಲ್ಲ. ಕಾಯಿಲೆಯ ವಿಷಯ ತಿಳಿದು, ಅಳೆದು ತೂಗಿ ಪಾಲಿಸಿ ಕೊಟ್ಟಮೇಲೆ ಅದೇ ಕಾಯಿಲೆಯ ನೆಪ ಹೇಳುವಂತಿಲ್ಲ ಅಂದಿತು. ಬರೆದ ಶುಗರ್ ನಿಮ್ಮನ್ನು ಕಾಯುತ್ತದೆ, ಬರೆಯದ ಶುಗರ್ ಕೈಕೊಡುತ್ತದೆ.

ಹಾಗಾಗಿ ಇರುವ ಕಾಯಿಲೆ ಎಲ್ಲ ಬರೆಯಿರಿ. ಎಲ್ಲ ಅಂದರೆ ಎಷ್ಟು ಹಳೆಯದನ್ನು ಬರೆಯಬೇಕು? ಆರೋಗ್ಯ ವಿಮೆಯ ನಿಯಮದಲ್ಲಿ ಪಾಲಿಸಿಗೆ ಹಿಂದಿನ 36 ತಿಂಗಳಲ್ಲಿ ಪತ್ತೆಯಾದ ಅಥವಾ ಚಿಕಿತ್ಸೆ ಪಡೆದ ಕಾಯಿಲೆಯನ್ನು 'ಮೊದಲೇ ಇದ್ದ ಕಾಯಿಲೆ' ಅನ್ನುತ್ತಾರೆ. ಆದರೆ ಫಾರಂ ಅದಕ್ಕಿಂತ ಹಿಂದಿನದ್ದನ್ನು ಕೇಳಿದರೆ ಅದನ್ನೂ ಬರೆಯಿರಿ. ಕಾಯಿಲೆ ಹೆಸರು, ಯಾವ ವರ್ಷದಿಂದ, ಯಾವ ಮಾತ್ರೆ ಎಷ್ಟು ಮಿಲಿಗ್ರಾಂ, ಆಪರೇಷನ್ ಆಗಿದ್ದರೆ ಅದು. ಜಾಗ ಸಾಲದಿದ್ದರೆ ಬೇರೆ ಹಾಳೆ ಲಗತ್ತಿಸಿ, ಪ್ರತಿ ಇಟ್ಟುಕೊಳ್ಳಿ. ಫಾರಂ ಇಂಗ್ಲಿಷಿನಲ್ಲಿದ್ದು ನಿಮಗೆ ಓದಲು ಬಾರದಿದ್ದರೆ, ಅದರಲ್ಲಿರುವುದನ್ನು ನಿಮ್ಮ ಭಾಷೆಯಲ್ಲಿ ವಿವರಿಸಿದ್ದೇನೆ ಅಂತ ತುಂಬಿದವರು ಕೊನೆಯಲ್ಲಿ ಬರೆದು ಸಹಿ ಹಾಕಬೇಕು. ಆ ಜಾಗ ಖಾಲಿ ಇದ್ದರೆ ನೀವು ಸಹಿ ಹಾಕಬೇಡಿ. ಆರೋಗ್ಯ ಮತ್ತು ಅಪಘಾತ ಪಾಲಿಸಿಯ ಜೊತೆ ಬರುವ ಗ್ರಾಹಕ ಮಾಹಿತಿ ಪತ್ರವನ್ನು ಕನ್ನಡದಲ್ಲಿ ಕೊಡಿ ಅಂತ ಕೇಳಬಹುದು. ಕೇಳಿದರೆ ಕೊಡಬೇಕು.

ಅಂಗವೈಕಲ್ಯ ಈಗಾಗಲೇ ಇದ್ದರೆ

ಪೋಲಿಯೋದಿಂದ ಒಂದು ಕಾಲು ಬಲಹೀನ ಆಗಿರುವವರು, ಒಂದು ಕಣ್ಣು ಕಾಣದವರು ಅಪಘಾತ ವಿಮೆ ಮಾಡಿಸುವಾಗ ಅದನ್ನು ಮೊದಲೇ ಬರೆಯಬೇಕು. ಇರುವ ಕೊರತೆಗೆ ದುಡ್ಡು ಬರುವುದಿಲ್ಲ. ಹೊಸದಾಗಿ ಆಗುವ ನಷ್ಟವನ್ನು ಹೇಗೆ ಲೆಕ್ಕ ಹಾಕುತ್ತಾರೆ ಅನ್ನೋದನ್ನು ಬರಹದಲ್ಲಿ ಪಡೆಯಿರಿ. ಒಂದೇ ಕಣ್ಣು ಇರುವವರಿಗೆ ಆ ಕಣ್ಣು ಹೋದರೆ ಅದು ಅರ್ಧ ನಷ್ಟವಲ್ಲ, ಪೂರ್ತಿ ಕತ್ತಲೆ. ಪಾಲಿಸಿ ಅದನ್ನು ಹೇಗೆ ನೋಡುತ್ತದೆ ಅಂತ ಕೇಳದೆ ಹಣ ಕಟ್ಟಬೇಡಿ.

ಆರೋಗ್ಯ ವಿಮೆಯಲ್ಲಿ ಪರಿಸ್ಥಿತಿ ಸುಧಾರಿಸಿದೆ. ಗಾಲಿಕುರ್ಚಿ ಬಳಸುವವರೊಬ್ಬರಿಗೆ ಕಂಪನಿಗಳು ಪಾಲಿಸಿ ನಿರಾಕರಿಸಿದ ಪ್ರಕರಣದಲ್ಲಿ 2022ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಮಧ್ಯಪ್ರವೇಶಿಸಿತು. 2023ರ ಫೆಬ್ರುವರಿಯಲ್ಲಿ ಐಆರ್‌ಡಿಎಐ, ಅಂಗವೈಕಲ್ಯ, ಎಚ್‌ಐವಿ, ಮಾನಸಿಕ ಕಾಯಿಲೆ ಇರುವವರಿಗಾಗಿ ಪಾಲಿಸಿ ತರಲೇಬೇಕು ಅಂತ ಕಂಪನಿಗಳಿಗೆ ಸೂಚಿಸಿತು. ಇದು ಆಸ್ಪತ್ರೆ ಖರ್ಚಿಗೆ ಮಾತ್ರ, ಸಂಬಳದ ನಷ್ಟಕ್ಕಲ್ಲ. ಆ ಹೆಜ್ಜೆ ಇನ್ನೂ ಬಾಕಿ ಇದೆ, ಅದನ್ನು ನಾವು ಗಟ್ಟಿಯಾಗಿ ಕೇಳಬೇಕು.

ಕ್ಲೈಮ್ ತಿರಸ್ಕರಿಸಿದರೆ

ಕಾರಣವನ್ನು ಬರಹದಲ್ಲಿ ಕೇಳಿ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅನ್ನೋದು ಅದರಲ್ಲಿ ಇರಬೇಕು. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲ ಅನ್ನಿಸಿದರೆ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ತಕರಾರು ಬಗೆಹರಿಸುವ ಅಧಿಕಾರಿಯ ಬಳಿ ಹೋಗಬಹುದು. ಕರ್ನಾಟಕದವರಿಗೆ ಕಚೇರಿ ಇರುವುದು ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ತಕರಾರು ತೆಗೆದುಕೊಳ್ಳುತ್ತಾರೆ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ದೂರು ಕೊಡಬೇಕು. ಅಲ್ಲಿ ಬಂದ ತೀರ್ಪಿಗೆ ಕಂಪನಿ ತಲೆಬಾಗಲೇಬೇಕು. ನಿಮಗೆ ಸಮಾಧಾನ ಆಗದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುವ ಹಕ್ಕು ಉಳಿದೇ ಇರುತ್ತದೆ.